ಕತ್ತಿಯಿಲ್ಲದೆ ಸೀಮೆಯನ್ನಾಳಿದ ವಿಲಿಯಂ ಪೆನ್ನನು

ಲೋಕದ ಸೈನ್ಯಗಳನ್ನೆಲ್ಲಾ ತೆಗೆದುಹಾಕುವದು ಯುಕ್ತವೋ ಅಲ್ಲವೋ ಎಂಬ ವಿಚಾರವು ಕ್ರೈಸ್ತರಲ್ಲಿ ಬಹುಕಾಲದಿಂದ ನಡೆಯುತ್ತಾ ಬಂದಿದೆ. ಕರ್ತನು ಪೇತ್ರನ ಕತ್ತಿಯನ್ನು ಒರೆಯಲ್ಲಿ ಹಾಕಿಸಿದನಲ್ಲವೇ ಎಂದು ಕೆಲವರೂ, ಅಧಿಕಾರಿಯ ಕೈಯಲ್ಲಿ ಕತ್ತಿ ಇರುವದು ದೇವರ ನೇಮಕವೆಂದು ಪೌಲನು ಬೋಧಿಸಿದನಲ್ಲವೇ ಎಂದು ಬೇರೆ ಕೆಲವರೂ ವಾದಿಸುತ್ತಾರೆ. ಈ ವಿಚಾರವನ್ನು ಬಾಯಿಮಾತಿನಲ್ಲಿ ಬಿಡದೆ ಕೃತ್ಯದಲ್ಲಿ ಪರೀಕ್ಷಿಸಿದ ಒಬ್ಬನ ಚರಿತ್ರೆಯನ್ನು ನಾವು ಈಗ ಸಂಕ್ಷೇಪವಾಗಿ ಹೇಳುವೆವು.

ವಿಲಿಯಂ ಪೆನ್ನನು 1644ರಲ್ಲಿ ಲಂಡನ್ ಪಟ್ಟಣದಲ್ಲಿ ಹುಟ್ಟಿದನು. ಅವನ ತಂದೆಯು ಇಂಗ್ಲೆಂಡಿನ ಯುದ್ಧದ ಹಡಗುಗಳ ನಾಯಕನು; 1655ರಲ್ಲಿ ಜಮೈಕಾ ದ್ವೀಪವನ್ನು ಸ್ಪೇನಿನವರಿಂದ ಕಿತ್ತುಕೊಂಡವರಲ್ಲಿ ಒಬ್ಬನು. ಇಂಥವನ ಮಗನು 1667ರಲ್ಲಿ ಐರ್ಲೆಂಡಿನಲ್ಲಿದ್ದಾಗ, ಯುದ್ಧಕ್ಕೆ ಹೋಗಲೊಲ್ಲದ ಕ್ವೇಕರರ ಸಂಘವನ್ನು ಸೇರಿದ್ದರಿಂದ ತಂದೆಗೆ ಬಹಳ ಕೋಪವುಂಟಾಯಿತು. ನಂಬಿಕೆಯ ನಿಮಿತ್ತ ಪೆನ್ನನು ಹಲವು ಸಾರಿ ಸೆರೆಮನೆಯನ್ನು ಕಂಡನು. ಆದರೂ 1670ರಲ್ಲಿ ತಂದೆಯು ತೀರಿಹೋಗುವದಕ್ಕೆ ಮುಂಚೆ ಇಬ್ಬರಲ್ಲಿ ಸಮಾಧಾನವಾಯಿತು.

ಆ ತಂದೆಗೆ ಸಲ್ಲಬೇಕಾಗಿದ್ದ ಸುಮಾರು 16,000 ಪೌಂಡು ಸಾಲಕ್ಕೆ ಬದಲಾಗಿ ಎರಡನೆಯ ಚಾರ್ಲ್ಸ್ ಅರಸನು 1681ರಲ್ಲಿ ಮಗನಿಗೆ ಅಮೇರಿಕದಲ್ಲಿ ಒಂದು ದೊಡ್ಡ ಸೀಮೆಯನ್ನು ಬರೆದುಕೊಟ್ಟನು. ಪೆನ್ಸಿಲ್ವೇನಿಯ ಎಂಬದು ಅದೇ. ದಂಡು ಕೂಡಿಸುವ ಅಧಿಕಾರವೂ ಆ ಸನ್ನದಿನಲ್ಲಿತ್ತು. ಪೆನ್ನನಾದರೋ ದಂಡನ್ನು ಕೂಡಿಸಲಿಲ್ಲ. ಅರಸನು ಕೊಟ್ಟ ಭೂಮಿಯಾದರೂ ಅಲ್ಲಿನ ಮೂಲನಿವಾಸಿಗಳಾದ ಲೆನಾಪೆ ಜನರಿಗೆ ಕ್ರಯ ತೆತ್ತು ಕೊಂಡುಕೊಂಡನು. ಅವರಿಗೂ ವಲಸೆ ಬಂದವರಿಗೂ ವ್ಯಾಜ್ಯ ಹುಟ್ಟಿದರೆ ಎರಡು ಪಕ್ಷದಿಂದಲೂ ಆರಾರು ಮಂದಿ ಕೂತು ತೀರಿಸಬೇಕೆಂದು ನೇಮಿಸಿದನು. 1682ರಲ್ಲಿ ತಾನೇ ಅಲ್ಲಿಗೆ ಹೋಗಿ, ಒಂದು ಮರದ ಕೆಳಗೆ ಆಯುಧವಿಲ್ಲದೆ ಅವರೊಂದಿಗೆ ಒಡಂಬಡಿಕೆ ಮಾಡಿದನೆಂದು ಹೇಳಿಕೆಯುಂಟು. ಹೀಗೆ ಸುಮಾರು 70 ವರುಷ ಆ ಸೀಮೆಗೂ ಲೆನಾಪೆಯವರಿಗೂ ಯುದ್ಧವಾಗಲಿಲ್ಲ.

1693ರಲ್ಲಿ ಪೆನ್ನನು ಯೂರೋಪಿನ ಸಮಾಧಾನವನ್ನು ಕುರಿತು ಒಂದು ಪುಸ್ತಕವನ್ನು ಬರೆದನು. ಅರಸರೆಲ್ಲರ ಪ್ರತಿನಿಧಿಗಳು ಒಂದು ಸಭೆಯಾಗಿ ಕೂಡಿ ಜಗಳಗಳನ್ನು ತೀರಿಸಬೇಕು. ಯಾರು ಮೊದಲು ಒಳಗೆ ಹೋಗಬೇಕೆಂಬ ಜಗಳವೂ ಬಾರದಂತೆ ಸಭಾಮಂದಿರವು ದುಂಡಾಗಿದ್ದು ಅದಕ್ಕೆ ಹಲವು ಬಾಗಿಲುಗಳಿರಬೇಕು ಎಂಬದೇ ಅವನ ಆಲೋಚನೆ. ಆದರೆ ತೀರ್ಪಿಗೆ ಒಳಪಡದವನನ್ನು ಉಳಿದವರೆಲ್ಲರೂ ಬಲ ಕೂಡಿಸಿ ಒಳಪಡಿಸಬೇಕೆಂದು ಅವನೂ ಬರೆಯಬೇಕಾಯಿತು. ಹೀಗಿರಲಾಗಿ, ಮೊಂಡನನ್ನು ಏನು ಮಾಡಬೇಕೆಂಬ ಪ್ರಶ್ನೆಯು ಪೆನ್ನನನ್ನೂ ಬಿಡಲಿಲ್ಲ.

ಅವನಲ್ಲಿ ದೋಷವಿರಲಿಲ್ಲವೆಂದು ನಾವು ಹೇಳುವದಿಲ್ಲ. ಸಮಾಧಾನವನ್ನು ಬೋಧಿಸಿದವನ ಮನೆಯಲ್ಲಿಯೇ ಗುಲಾಮರಿದ್ದರು. ಮುಪ್ಪಿನಲ್ಲಿ ಸಾಲಕ್ಕಾಗಿ ಸೆರೆಯನ್ನೂ ಅನುಭವಿಸಿ 1718ರಲ್ಲಿ ತೀರಿಹೋದನು. ತರುವಾಯ 1737ರಲ್ಲಿ ಅವನ ಮಕ್ಕಳು, ಒಬ್ಬನು ಒಂದೂವರೆ ದಿನದಲ್ಲಿ ನಡೆಯುವಷ್ಟು ನೆಲ ತಮ್ಮದೆಂಬ ಹಳೇ ಪತ್ರವನ್ನು ತೋರಿಸಿ, ದಾರಿಯನ್ನು ಮುಂಚೆಯೇ ಸವರಿಸಿ, ಚುರುಕಾದ ಆಳುಗಳನ್ನು ಕೂಲಿಗೆ ಹಿಡಿದು ಲೆನಾಪೆಯವರ ಬಹು ಭೂಮಿಯನ್ನು ಸೆಳೆದುಕೊಂಡರು. ಆ ನೋವು ಆರಲಿಲ್ಲ. 1755ರಲ್ಲಿ ಇಂಗ್ಲಿಷರಿಗೂ ಫ್ರೆಂಚರಿಗೂ ಯುದ್ಧ ನಡೆಯುತ್ತಿರಲು ಲೆನಾಪೆಯವರು ಗಡಿಯ ಹಳ್ಳಿಗಳ ಮೇಲೆ ಬಿದ್ದರು; ಸೀಮೆಯು ದಂಡನ್ನು ಕಟ್ಟಿತು. ಮರುವರುಷ ಹಲವು ಕ್ವೇಕರರು ಯುದ್ಧಕ್ಕೆ ಒಪ್ಪಲಾರದೆ ಶಾಸನಸಭೆಯನ್ನು ಬಿಟ್ಟರು.

ಪೆನ್ನನ ಸೀಮೆಯ ಹಿಂದೆ ಇಂಗ್ಲೆಂಡಿನ ಬಲವಿತ್ತಲ್ಲವೇ ಎಂದು ಕೇಳುವವರುಂಟು. ಆ ಮಾತು ಸುಳ್ಳಲ್ಲ. ಆದರೆ ಅದೇ ಬಲವು 1755ರಲ್ಲಿಯೂ ಇತ್ತು. ಇಲ್ಲದೆ ಹೋದದ್ದು ನ್ಯಾಯವೇ. ಸೈನ್ಯಗಳನ್ನು ತೆಗೆಯಬೇಕೆನ್ನುವವರು ಮೊದಲು ಮೋಸದ ಪತ್ರವನ್ನೂ ಕಸಿದ ನೆಲವನ್ನೂ ತೆಗೆಯಬೇಕೆಂದು ಈ ಚರಿತ್ರೆಯಿಂದ ನಾವು ಕಲಿಯುತ್ತೇವೆ. ರಾಜ್ಯಗಳ ದಂಡು ನಮ್ಮ ವಶದಲ್ಲಿಲ್ಲ. ನೆರೆಯವನ ಹೊಲದ ಬದುವಾದರೋ ನಮ್ಮ ನೇಗಿಲಿನ ಪಕ್ಕದಲ್ಲಿಯೇ ಇದೆ. ಅದನ್ನು ಒತ್ತಿ ಉತ್ತವನು ತನ್ನ ಮಕ್ಕಳ ಕೈಗೆ ದೊಣ್ಣೆಯನ್ನು ಕೊಡುತ್ತಾನೆ. ಸಮಾಧಾನದ ಪ್ರಭುವು ನಮ್ಮನ್ನು ಇದರಿಂದ ಕಾಪಾಡಲಿ.