2520 ರಾಮಾನುಜನ್ ಕಂಡುಹಿಡಿದ ಸಂಖ್ಯೆಯೇ? ಅವರು ನಿಜವಾಗಿ ಮಾಡಿದ ಲೆಕ್ಕ ಇದಕ್ಕಿಂತ ದೊಡ್ಡದು

1ರಿಂದ 10ರವರೆಗಿನ ಎಲ್ಲ ಸಂಖ್ಯೆಗಳಿಂದಲೂ ಶೇಷವಿಲ್ಲದೆ ಭಾಗವಾಗುವ ವಿಚಿತ್ರ ಸಂಖ್ಯೆ 2520, ಅದನ್ನು ಕಂಡುಹಿಡಿದವರು ಶ್ರೀನಿವಾಸ ರಾಮಾನುಜನ್ ಎಂಬ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ವಾರಕ್ಕೆ 7 ದಿನ, ತಿಂಗಳಿಗೆ 30 ದಿನ, ವರ್ಷಕ್ಕೆ 12 ತಿಂಗಳು, ಗುಣಿಸಿದರೆ 2520 ಎಂಬ ಬಾಲವೂ ಅದಕ್ಕಿರುತ್ತದೆ. ಗುಣಾಕಾರ ಸರಿಯಿದೆ. (ಎಲ್ಲ ತಿಂಗಳಿಗೂ 30 ದಿನವಿಲ್ಲ ಎನ್ನುವುದು ಬೇರೆ ಮಾತು.) ಆದರೆ ಇದು ನಾವೆಲ್ಲ ಶಾಲೆಯಲ್ಲಿ ಮಾಡಿದ ಲ.ಸಾ.ಅ. ಅಷ್ಟೇ: 8×9×5×7. ಲ.ಸಾ.ಅ. ತೆಗೆಯುವುದು ಯೂಕ್ಲಿಡ್ ಕಾಲಕ್ಕೇ ಗೊತ್ತಿತ್ತು.

ಬೇಸರದ ಸಂಗತಿಯೆಂದರೆ, ಇಂಥ ಸಂಖ್ಯೆಗಳ ಮೇಲೆ ರಾಮಾನುಜನ್ ನಿಜಕ್ಕೂ ದುಡಿದಿದ್ದರು. ಫಾರ್ವರ್ಡ್‌ನಲ್ಲಿ ಅದರ ಸುದ್ದಿಯೇ ಇಲ್ಲ.

1887ರ ಡಿಸೆಂಬರ್ 22ರಂದು ಈರೋಡ್‌ನಲ್ಲಿ ಹುಟ್ಟಿ ಕುಂಭಕೋಣದಲ್ಲಿ ಬೆಳೆದ ಹುಡುಗ ಅವರು. ಗಣಿತದಲ್ಲೇ ಮುಳುಗಿ ಉಳಿದ ವಿಷಯಗಳಲ್ಲಿ ಫೇಲಾದರು, ಸ್ಕಾಲರ್‌ಶಿಪ್ ಹೋಯಿತು, ಕಾಲೇಜು ಮುಗಿಯಲಿಲ್ಲ. ಕಾಗದ ದುಬಾರಿಯೆಂದು ಸ್ಲೇಟಿನ ಮೇಲೆ ಲೆಕ್ಕ ಮಾಡಿ, ಕೊನೆಯ ಉತ್ತರ ಮಾತ್ರ ನೋಟ್‌ಬುಕ್‌ಗೆ ಬರೆದುಕೊಳ್ಳುತ್ತಿದ್ದರು. 1912ರಲ್ಲಿ ಮದ್ರಾಸ್ ಪೋರ್ಟ್ ಟ್ರಸ್ಟ್‌ನಲ್ಲಿ ಗುಮಾಸ್ತರಾದಾಗ ಸಂಬಳ ತಿಂಗಳಿಗೆ 30 ರೂಪಾಯಿ. ಮರುವರ್ಷ ಕೇಂಬ್ರಿಡ್ಜ್‌ನ ಹಾರ್ಡಿಯವರಿಗೆ ಪತ್ರ ಬರೆದರು, 1914ರ ಮಾರ್ಚ್‌ನಲ್ಲಿ ಹಡಗು ಹತ್ತಿದರು.

ಅಲ್ಲಿ ಬರೆದ ದೊಡ್ಡ ಪ್ರಬಂಧ 1915ರದು, ವಿಷಯ ‘ಹೈಲಿ ಕಾಂಪೊಸಿಟ್’ ಸಂಖ್ಯೆಗಳು. ಅಂದರೆ ತನಗಿಂತ ಚಿಕ್ಕದಾದ ಯಾವ ಸಂಖ್ಯೆಗೂ ಇಲ್ಲದಷ್ಟು ಭಾಜಕಗಳಿರುವ ಸಂಖ್ಯೆ. 12ನ್ನೇ ನೋಡಿ: 1, 2, 3, 4, 6, 12 ಎಂದು ಆರು ಭಾಜಕಗಳು, ಅದಕ್ಕಿಂತ ಕೆಳಗಿನ ಯಾವುದಕ್ಕೂ ನಾಲ್ಕಕ್ಕಿಂತ ಹೆಚ್ಚಿಲ್ಲ. ನಮ್ಮ 2520 ಕೂಡ ಇದೇ ಜಾತಿಯದು, ಅದಕ್ಕೆ 48 ಭಾಜಕಗಳು.

ರಾಮಾನುಜನ್ ಇಂಥ 102 ಸಂಖ್ಯೆಗಳ ಪಟ್ಟಿ ಕೊಟ್ಟರು. ಕೊನೆಯದು 67,46,32,83,88,800. ಇದನ್ನು ಒಡೆದರೆ 2 ಆರು ಸಲ, 3 ನಾಲ್ಕು ಸಲ, 5 ಮತ್ತು 7 ಎರಡೆರಡು ಸಲ, 11, 13, 17, 19, 23 ಒಂದೊಂದು ಸಲ ಬರುತ್ತವೆ. ಪ್ರತಿ ಎಣಿಕೆಗೂ 1 ಕೂಡಿಸಿ ಗುಣಿಸಿ: 7×5×3×3×2×2×2×2×2. ಉತ್ತರ 10,080, ಅಷ್ಟು ಭಾಜಕಗಳು! ಚಿಕ್ಕ ಅವಿಭಾಜ್ಯಗಳು ಹೆಚ್ಚು ಸಲ, ದೊಡ್ಡವು ಕಡಿಮೆ ಸಲ ಬರುವ ಈ ಇಳಿಜಾರನ್ನು ಅವರು ಸಾಧಿಸಿ ತೋರಿಸಿದರು. ಕೊನೆಯ ಅವಿಭಾಜ್ಯ ಒಂದೇ ಸಲ ಬರಬೇಕು. 4 ಮತ್ತು 36 ಮಾತ್ರ ಇದಕ್ಕೆ ಅಪವಾದ.

ಕಂಪ್ಯೂಟರ್ ಇಲ್ಲದ ಕಾಲದ ಆ ಪಟ್ಟಿಯಲ್ಲಿ ಒಂದು ಸಂಖ್ಯೆ ತಪ್ಪಿಹೋಗಿದೆ: 2,93,31,86,25,600. ಅದನ್ನು 23ರಿಂದ ಗುಣಿಸಿ ನೋಡಿ, ಸಿಗುವುದು ಪಟ್ಟಿಯ ಕೊನೆಯ ಸಂಖ್ಯೆಯೇ. ದೇವಿ ಉತ್ತರ ಹೇಳಿಕೊಡುತ್ತಿದ್ದಳು ಎಂಬ ಫಾರ್ವರ್ಡ್‌ಗಳಿಗಿಂತ ಈ ಬಿಟ್ಟುಹೋದ ಸಂಖ್ಯೆಯೇ ನಮಗೆ ಅವರನ್ನು ಹತ್ತಿರ ಮಾಡುತ್ತದೆ. ಕೂತು ಲೆಕ್ಕ ಮಾಡಿದವರ ಕೈಯಿಂದಲೇ ಹೀಗೊಂದು ಜಾರುವುದು.

ಈ ಕೆಲಸಕ್ಕೆ 1916ರಲ್ಲಿ ಕೇಂಬ್ರಿಡ್ಜ್ ಪದವಿ ಕೊಟ್ಟಿತು. 1917ರಲ್ಲಿ ಕಾಯಿಲೆ ಬಿದ್ದರು, 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು, 1919ರಲ್ಲಿ ಊರಿಗೆ ಮರಳಿದರು. 1920ರ ಏಪ್ರಿಲ್ 26ರಂದು ತೀರಿಕೊಂಡಾಗ ವಯಸ್ಸು 32. 1915ರ ಪ್ರಬಂಧವೂ ಪೂರ್ತಿ ಅಚ್ಚಾಗಿರಲಿಲ್ಲ. ಪ್ರಕಟಿಸಿದ ಲಂಡನ್ ಮ್ಯಾಥಮ್ಯಾಟಿಕಲ್ ಸೊಸೈಟಿಗೆ ಹಣದ ಅಡಚಣೆಯಿದ್ದುದರಿಂದ ಒಂದು ಭಾಗವನ್ನು ಕೈಬಿಟ್ಟಿದ್ದರು. ಆ ಭಾಗ ಅಚ್ಚಾದದ್ದು 1997ರಲ್ಲಿ.