ಪ್ರೊಫೆಸರ್ ಅಮೂಲ್ಯ ಕುಮಾರ್ ರೆಡ್ಡಿಯವರು

ವಿದ್ಯುಚ್ಛಕ್ತಿಯ ಮಾತು ಬಂದೊಡನೆ ನಮ್ಮ ನಾಡಿನವರ ಮನಸ್ಸು ಶಿವನಸಮುದ್ರದ ಕಡೆಗೂ ಜೋಗದ ಕಡೆಗೂ ಓಡುವುದು ಸಹಜ. 1902ರಲ್ಲಿ ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತೆಂಬುದನ್ನು ನಾವೆಲ್ಲರೂ ಶಾಲೆಯಲ್ಲಿಯೇ ಕಲಿತಿದ್ದೇವೆ. ಶೇಷಾದ್ರಿ ಅಯ್ಯರ್, ವಿಶ್ವೇಶ್ವರಯ್ಯ ಮೊದಲಾದ ಮಹನೀಯರ ಚರಿತ್ರೆಗಳು ಇಂತಹ ವಾರ್ಷಿಕ ಸಂಚಿಕೆಗಳಲ್ಲಿ ಎಷ್ಟೋ ಬಾರಿ ಬಂದಿವೆ. ಅವು ಶಕ್ತಿಯನ್ನು ಹುಟ್ಟಿಸಿದವರ ಚರಿತ್ರೆಗಳು. ಹುಟ್ಟಿದ ಶಕ್ತಿ ಯಾರ ಮನೆಗೆ ಹೋಯಿತು, ಯಾವ ಕೆಲಸಕ್ಕೆ ಒದಗಿತು ಎಂದು ಲೆಕ್ಕ ಕೇಳಿದವರೊಬ್ಬರ ಜೀವನವನ್ನು ನಾನು ಇಲ್ಲಿ ಬರೆಯಲು ಹೊರಟಿದ್ದೇನೆ. ಅರ್ಥಶಾಸ್ತ್ರದ ತರಗತಿಯಲ್ಲಿ ನಮ್ಮ ಅಧ್ಯಾಪಕರು ಅವರ ಹೆಸರನ್ನು ಒಮ್ಮೆ ಹೇಳಿ ಮುಂದಕ್ಕೆ ಹೋದರು. ನನಗೆ ಮಾತ್ರ ಆ ಹೆಸರನ್ನು ಬಿಟ್ಟು ಮುಂದಕ್ಕೆ ಹೋಗಲಾಗಲಿಲ್ಲ.

ಅಮೂಲ್ಯ ಕುಮಾರ್ ಎನ್. ರೆಡ್ಡಿಯವರು 1930ರ ಅಕ್ಟೋಬರ್ 21ರಂದು ಬೆಂಗಳೂರಿನಲ್ಲಿ ಜನಿಸಿದರು. ಸೆಂಟ್ರಲ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ಹೋಗಿ 1958ರಲ್ಲಿ ಡಾಕ್ಟರೇಟ್ ಪಡೆದರು. ಅವರ ವಿಷಯ ವಿದ್ಯುದ್ರಸಾಯನ ಶಾಸ್ತ್ರ. ತರುವಾಯ ಕಾರೈಕುಡಿಯ ಕೇಂದ್ರ ಸಂಶೋಧನಾಲಯದಲ್ಲಿಯೂ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿಯೂ ಕೆಲಸ ಮಾಡಿ, 1966ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವನ್ನು, ಎಂದರೆ ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಸಂಸ್ಥೆಯನ್ನು ಸೇರಿದರು. ಅಮೆರಿಕದಲ್ಲಿ ಜೊತೆಗಿದ್ದ ಬಾಕ್ರಿಸ್ ಎಂಬ ವಿದ್ವಾಂಸರೊಡನೆ ಅವರು ಬರೆದ ವಿದ್ಯುದ್ರಸಾಯನದ ಗ್ರಂಥ 1970ರಲ್ಲಿ ಎರಡು ಸಂಪುಟಗಳಲ್ಲಿ ಹೊರಬಂದು ಅನೇಕ ದೇಶಗಳಲ್ಲಿ ಪಠ್ಯವಾಯಿತು. ಇಷ್ಟರಲ್ಲಿಯೇ ಒಬ್ಬ ಪ್ರಾಧ್ಯಾಪಕರ ಜೀವನ ಸಾರ್ಥಕವಾಯಿತೆಂದು ಹೇಳಬಹುದಾಗಿತ್ತು.

ಆದರೆ ನಲವತ್ತರ ಪ್ರಾಯ ದಾಟಿದ ಮೇಲೆ ರೆಡ್ಡಿಯವರು ದಾರಿ ಬದಲಿಸಿದರು. ನಗರದ ನಡುವಿನ ಆ ಹಸಿರು ಆವರಣದಲ್ಲಿ ನಡೆಯುವ ವಿಜ್ಞಾನಕ್ಕೂ ಆವರಣದಾಚೆಯ ಹಳ್ಳಿಗೂ ಏನು ಸಂಬಂಧವೆಂಬ ಪ್ರಶ್ನೆ ಅವರನ್ನು ಹಿಡಿದಿತ್ತು. 1974ರಲ್ಲಿ, ಸತೀಶ್ ಧವನ್ ಅವರು ನಿರ್ದೇಶಕರಾಗಿದ್ದ ಕಾಲದಲ್ಲಿ, ರೆಡ್ಡಿಯವರೂ ಸಂಗಡಿಗರೂ ಗ್ರಾಮಾಂತರ ಪ್ರದೇಶಗಳಿಗೆ ವಿಜ್ಞಾನ ತಂತ್ರಜ್ಞಾನಗಳನ್ನು ಅನ್ವಯಿಸುವ ಒಂದು ಕೇಂದ್ರವನ್ನು ಕಟ್ಟಿದರು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ 'ಅಸ್ತ್ರ' ಎಂದಾಗುತ್ತದೆ. ಹೆಸರಿಡುವುದರಲ್ಲಿಯೂ ಅವರಿಗೆ ರಸಿಕತೆಯಿತ್ತೆಂದು ಕಾಣುತ್ತದೆ. ಮರುವರ್ಷ ಸ್ಥಾಪನೆಯಾದ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಗೂ ಅವರೇ ಮೊದಲ ಕಾರ್ಯದರ್ಶಿಗಳಾದರು.

'ಅಸ್ತ್ರ' ಕೇಂದ್ರದವರು ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರ ಎಂಬ ಊರಿನಲ್ಲಿ ನೆಲೆಯೂರಿ, ಸುತ್ತಣ ಹಳ್ಳಿಗಳಲ್ಲಿ ಶಕ್ತಿಯ ಲೆಕ್ಕ ತೆಗೆಯಲು ಆರಂಭಿಸಿದರು. ಇದು ಹೇಳಿದಷ್ಟು ಸುಲಭವಲ್ಲ. ಕಾರ್ಖಾನೆಯ ವಿದ್ಯುತ್ತಿಗೆ ಮೀಟರುಂಟು. ತಲೆಯ ಮೇಲೆ ಹೊತ್ತು ತಂದ ಸೌದೆಗೆ ಮೀಟರೆಲ್ಲಿಯದು? ಮನೆಮನೆಗೂ ಹೋಗಿ ಸೌದೆಯನ್ನು ತೂಗಿದರು. ಹೆಂಗಸರು, ಗಂಡಸರು, ಮಕ್ಕಳು ಯಾವ ಕೆಲಸದಲ್ಲಿ ಎಷ್ಟು ಹೊತ್ತು ಕಳೆಯುತ್ತಾರೆಂದು ಬರೆದುಕೊಂಡರು. ಪುರ ಎಂಬ ಹಳ್ಳಿಯಲ್ಲಿ ಆಗ ಐವತ್ತಾರು ಮನೆ, ಸುಮಾರು 350 ಜನ. ಆ ಊರು ಬಳಸುವ ಶಕ್ತಿಯಲ್ಲಿ ಹತ್ತಕ್ಕೆ ಒಂಬತ್ತು ಪಾಲು ಸೌದೆಯದೇ ಎಂದು ಲೆಕ್ಕ ತೋರಿಸಿತು. ವಿದ್ಯುತ್ತಿನ ಪಾಲು ನೂರಕ್ಕೆ ಒಂದರ ಆಸುಪಾಸು. ಒಂದೊಂದು ಮನೆಯವರೂ ಸೌದೆಗಾಗಿ ದಿನಕ್ಕೆ ಎರಡು ಗಂಟೆಗೂ ಮಿಕ್ಕಿ ತಿರುಗುತ್ತಿದ್ದರು. ಮನುಷ್ಯರ ದುಡಿಮೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರದಾಗಿತ್ತು. ಮಕ್ಕಳ ಪಾಲೂ ಸಣ್ಣದಲ್ಲ.

ಈ ಅಂಕಿಗಳನ್ನು ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಇದನ್ನು ಒಬ್ಬ ಪ್ರೊಫೆಸರರು ಬರೆದಿಟ್ಟಿದ್ದಾರೆಂಬುದೇ ಆಶ್ಚರ್ಯ. ನಮ್ಮ ಸೂರಗೊಂಡನಕೊಪ್ಪವನ್ನು ವಾಚಕರಲ್ಲಿ ಅನೇಕರು ಸಂತ ಸೇವಾಲಾಲರ ಜಾತ್ರೆಯಲ್ಲಿ ಕಂಡಿರಬಹುದು. ಜಾತ್ರೆ ಮುಗಿದ ಮೇಲಿನ ಊರನ್ನು ಕಂಡವರು ಕಡಿಮೆ. ಶಾಲೆ ಬಿಟ್ಟ ಮೇಲೆ ಅವ್ವನ ಹಿಂದೆ ಪುಳ್ಳೆ ಆರಿಸಲು ಹೋಗುವುದು ನಮಗೆ ಊಟದಷ್ಟೇ ಸಹಜವಾದ ಸಂಗತಿಯಾಗಿತ್ತು. ನಮ್ಮ ಅಕ್ಕ ಏಳನೆಯ ತರಗತಿಗೆ ಶಾಲೆ ಬಿಟ್ಟಳು. ಮನೆಯಲ್ಲಿ ಕೂಲಿಗೆ ಹೋಗುವ ಅವ್ವನ ಬದಲು ಸೌದೆ ನೀರು ನೋಡುವವರು ಬೇಕಾಗಿತ್ತು. ಅದನ್ನು ನಾವು ಬಡತನವೆಂದು ಕರೆದೆವು, ಹಣೆಬರಹವೆಂದೂ ಕರೆದೆವು. ಅದು ರಾಜ್ಯದ ಶಕ್ತಿನೀತಿಯ ಒಂದು ಪ್ರಶ್ನೆಯೆಂದು ಯಾರೂ ಹೇಳಿರಲಿಲ್ಲ. ಈಗ ಮನೆಯಲ್ಲಿ ಗ್ಯಾಸ್ ಸಿಲಿಂಡರಿದೆ. ಆದರೂ ಬಚ್ಚಲ ಹಂಡೆಯ ಕೆಳಗೆ ಉರಿಯುವುದು ಸೌದೆಯೇ. ತಿಂಗಳ ಕೊನೆಯಲ್ಲಿ ಅಡಿಗೆಯ ಒಲೆಯಲ್ಲಿಯೂ ಅದೇ.

ಪುರದಲ್ಲಿ ನಡೆದ ಪ್ರಯೋಗವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಊರಿನ ದನಗಳ ಸಗಣಿಯನ್ನೆಲ್ಲ ಒಂದೆಡೆ ಸೇರಿಸಿ ಗೋಬರ್ ಗ್ಯಾಸ್ ತೆಗೆದು ಅಡಿಗೆಗೆ ಕೊಡಬೇಕೆಂಬುದು ಮೊದಲ ಯೋಜನೆ. ಅದು ಸಫಲವಾಗಲಿಲ್ಲ. ಎಲ್ಲ ಮನೆಗಳ ಅಡಿಗೆಗೆ ಸಾಲುವಷ್ಟು ಅನಿಲ ಬರಲಿಲ್ಲ. ಅರ್ಧ ಅಡಿಗೆ ಗ್ಯಾಸಿನಲ್ಲಿ, ಅರ್ಧ ಸೌದೆಯಲ್ಲಿ ಎಂದಾದಾಗ ಹೆಂಗಸರಿಗೆ ಅದರಲ್ಲಿ ಆಸಕ್ತಿ ಉಳಿಯಲಿಲ್ಲ. ರೆಡ್ಡಿಯವರು ಇದನ್ನು ಮುಚ್ಚಿಡಲಿಲ್ಲ, ಪ್ರಬಂಧಗಳಲ್ಲಿಯೇ ಬರೆದರು. ಊರಿನವರನ್ನು ಕೇಳಿದಾಗ ಅವರಿಗೆ ಮೊದಲು ಬೇಕಾಗಿದ್ದುದು ಕುಡಿಯುವ ನೀರೆಂದು ತಿಳಿಯಿತು. ಅಡಿಗೆಗೆ ಸಾಲದ ಅನಿಲ ಒಂದು ಎಂಜಿನ್ ಓಡಿಸುವುದಕ್ಕೆ ಧಾರಾಳವಾಗಿ ಸಾಕು. ಆದ್ದರಿಂದ ಅದನ್ನು ಸ್ವಲ್ಪ ಡೀಸೆಲ್ಲಿನೊಡನೆ ಸೇರಿಸಿ ಎಂಜಿನ್ ನಡೆಸಿ, ವಿದ್ಯುತ್ ತೆಗೆದು, ಕೊಳವೆ ಬಾವಿಯಿಂದ ನೀರೆತ್ತಿ ಮನೆಮನೆಗೆ ನಲ್ಲಿ ಹಾಕಿದರು. ಸಂಜೆ ದೀಪ ಕೊಟ್ಟರು. 1987ರ ಹೊತ್ತಿಗೆ ಈ ವ್ಯವಸ್ಥೆ ನಡೆಯಲಾರಂಭಿಸಿತು. ಸಗಣಿ ತಂದು ಹಾಕಿದವರಿಗೆ ತೂಕಕ್ಕೆ ತಕ್ಕಂತೆ ಚಿಲ್ಲರೆ ಕಾಸು ಸಿಗುತ್ತಿತ್ತು. ಅನಿಲ ತೆಗೆದ ಮೇಲೆ ಉಳಿದ ಬಗ್ಗಡವೂ ಗೊಬ್ಬರವಾಗಿ ಅವರಿಗೇ ಹಿಂದಿರುಗುತ್ತಿತ್ತು. ಯಂತ್ರ ನೋಡಿಕೊಂಡವರು ಊರಿನ ಹುಡುಗರು; ಲೆಕ್ಕ ನೋಡಿದ್ದು ಊರಿನ ಸಮಿತಿ. ಸುಮಾರು ಹತ್ತು ವರ್ಷ ನಡೆದು ಆ ಕೇಂದ್ರ ನಿಂತುಹೋಯಿತು. ನಿಂತುಹೋದ ಕೆಲಸವನ್ನು ಹೊಗಳುವುದೇಕೆಂದು ನನ್ನ ಸ್ನೇಹಿತನೊಬ್ಬ ಕೇಳಿದ. ಹತ್ತು ವರ್ಷ ಮನೆಬಾಗಿಲಿಗೆ ನೀರು ಬಂದ ಊರಿನ ಹೆಣ್ಣುಮಕ್ಕಳನ್ನು ಕೇಳಬೇಕಾದ ಪ್ರಶ್ನೆ ಅದು ಎಂದಷ್ಟೇ ನನಗೆ ತೋರುತ್ತದೆ.

ಕಡಿಮೆ ಸೌದೆಯಲ್ಲಿ ಹೆಚ್ಚು ಬೇಯಿಸುವ, ಹೊಗೆ ಕೊಳವೆಯಿರುವ 'ಅಸ್ತ್ರ ಒಲೆ'ಯನ್ನು ಇದೇ ಕೇಂದ್ರದ ವಿಜ್ಞಾನಿಗಳು ರೂಪಿಸಿದರು. ಸರ್ಕಾರವು ಅದನ್ನು ಜಿಲ್ಲೆಜಿಲ್ಲೆಗೂ ಹರಡಿದ್ದರಿಂದ ನಮ್ಮ ಅಜ್ಜಿಯರ ಕಾಲದವರಿಗೆ ಆ ಹೆಸರು ತಿಳಿದಿದೆ. ಆ ಹೆಸರಿನ ಹಿಂದಿದ್ದ ಪ್ರೊಫೆಸರರು ಯಾರೆಂದು ತಿಳಿದವರನ್ನು ನಮ್ಮ ಊರಿನಲ್ಲಿ ನಾನು ಕಾಣೆ.

ಒಲೆಯ ಬಳಿ ಕಲಿತ ಲೆಕ್ಕವನ್ನು ರೆಡ್ಡಿಯವರು ದೇಶದ ಎಣ್ಣೆಗೂ ಹಚ್ಚಿದರು. 1973ರ ತರುವಾಯ ಅರಬ್ ದೇಶಗಳ ತೈಲದ ಬೆಲೆ ಏರಿ ಭಾರತದ ಬೊಕ್ಕಸ ಕರಗುತ್ತಿತ್ತು. 1981ರಲ್ಲಿ ಅವರು ಪ್ರಕಟಿಸಿದ ಒಂದು ಲೇಖನದ ವಾದಸರಣಿ ಹೀಗಿದೆ. ಹಳ್ಳಿಯ ಬಡವನ ಬುಡ್ಡಿದೀಪಕ್ಕಾಗಿ ಸೀಮೆಎಣ್ಣೆಯನ್ನು ಅಗ್ಗವಾಗಿಡಬೇಕು. ಸೀಮೆಎಣ್ಣೆ ಅಗ್ಗವಾಗಿದ್ದು ಡೀಸೆಲ್ ತುಟ್ಟಿಯಾದರೆ ಡೀಸೆಲ್ಲಿಗೆ ಸೀಮೆಎಣ್ಣೆ ಬೆರೆಯುತ್ತದೆ. ಆದ್ದರಿಂದ ಡೀಸೆಲ್ಲನ್ನೂ ಅಗ್ಗವಾಗಿಡಬೇಕಾಗುತ್ತದೆ. ಡೀಸೆಲ್ ಅಗ್ಗವಾದೊಡನೆ ರೈಲಿನಲ್ಲಿ ಹೋಗಬೇಕಾದ ಸರಕು ಲಾರಿ ಹತ್ತುತ್ತದೆ. ಆಮದು ಇನ್ನೂ ಏರುತ್ತದೆ. ಹಾಗಾದರೆ ಎಣ್ಣೆಯ ಸಮಸ್ಯೆಯ ಬೇರು ಬಂದರಿನಲ್ಲಿಲ್ಲ, ಗುಡಿಸಲಿನ ದೀಪದಲ್ಲಿದೆ. ಪ್ರತಿ ಮನೆಗೂ ವಿದ್ಯುದ್ದೀಪ ಕೊಟ್ಟರೆ ಈ ಸರಪಣಿಯ ಮೊದಲ ಕೊಂಡಿಯೇ ಕಳಚುತ್ತದೆ. ಬಡವನಿಗೆ ದೀಪ ಕೊಡುವುದು ದಾನವೆಂದು ಕೇಳಿ ಬೆಳೆದ ನನಗೆ, ಅದೇ ದೇಶದ ಬೊಕ್ಕಸ ಉಳಿಸುವ ಉಪಾಯವೆಂದು ಓದಿದಾಗ ಆದ ಸಂತೋಷವನ್ನು ಹೇಳಲಾರೆ.

ಕರ್ನಾಟಕಕ್ಕೆ ಕಲ್ಲಿದ್ದಲ ಗಣಿಯಿಲ್ಲ. ಬಹುಕಾಲ ನಮ್ಮ ವಿದ್ಯುತ್ತು ನೀರಿನದೇ ಆಗಿತ್ತು. 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಕೇಂದ್ರ ಕೆಲಸ ಆರಂಭಿಸಿ, ಹೊರಗಿನಿಂದ ರೈಲಿನಲ್ಲಿ ಬಂದ ಕಲ್ಲಿದ್ದಲು ನಮ್ಮ ದೀಪಗಳಿಗೂ ಒದಗಿತು. 1987ರಲ್ಲಿ ಸರ್ಕಾರದ ಸಮಿತಿಯೊಂದು ಮುಂದಿನ ಅಗತ್ಯವನ್ನು ಅಂದಾಜು ಮಾಡಿ, 2000ನೆಯ ಇಸವಿಗೆ ರಾಜ್ಯಕ್ಕೆ ಸುಮಾರು 9,400 ಮೆಗಾವ್ಯಾಟ್ ಬೇಕೆಂದಿತು. ಹಿಂದಿನ ಏರಿಕೆಯ ಗೆರೆಯನ್ನೇ ಮುಂದಕ್ಕೆಳೆದರೆ ಇಂತಹ ಅಂಕಿ ಬರುತ್ತದೆ. ರೆಡ್ಡಿಯವರ ತಂಡ ಪ್ರಶ್ನೆಯನ್ನೇ ಬದಲಿಸಿತು. ಜನರಿಗೆ ಬೇಕಾದುದು ಮೆಗಾವ್ಯಾಟಲ್ಲ. ಬೆಳಕು, ಬಿಸಿನೀರು, ಗದ್ದೆಗೆ ನೀರು. ಇವನ್ನು ಎಷ್ಟು ಕಡಿಮೆ ವಿದ್ಯುತ್ತಿನಲ್ಲಿ ಕೊಡಬಹುದು? ಒಳ್ಳೆಯ ದೀಪ, ಬಿಸಿಲಿನಿಂದ ನೀರು ಕಾಯಿಸುವ ಸಾಧನ, ಪಂಪ್‌ಸೆಟ್ಟಿಗೆ ಸರಿಯಾದ ಕೊಳವೆ ಮತ್ತು ಫುಟ್‌ವಾಲ್ವ್, ಸಕ್ಕರೆ ಕಾರ್ಖಾನೆಯ ಕಬ್ಬಿನ ಸಿಪ್ಪೆಯಿಂದ ವಿದ್ಯುತ್ತು, ಹೀಗೆ ಒಂದೊಂದನ್ನೇ ಕೂಡಿಸಿ, ಎಲ್ಲ ಮನೆಗಳಿಗೂ ದೀಪ ಕೊಟ್ಟ ಮೇಲೂ ಸುಮಾರು 4,000 ಮೆಗಾವ್ಯಾಟ್ ಸಾಕೆಂದು ತೋರಿಸಿದರು. ಖರ್ಚೂ ಕಡಿಮೆ, ಚಿಮಣಿಯಿಂದ ಆಕಾಶಕ್ಕೇರುವ ಅಂಗಾರಾಮ್ಲ ಅನಿಲವಂತೂ ಅತ್ಯಲ್ಪ. ಈ ಲೆಕ್ಕವನ್ನು ಸರ್ಕಾರಗಳು ಇಡಿಯಾಗಿ ಸ್ವೀಕರಿಸಲಿಲ್ಲವೆಂಬುದು ಬೇಸರದ ಸಂಗತಿ.

ಇದೇ ವಿಚಾರವನ್ನು ಅವರು ಬ್ರೆಜಿಲಿನ ಗೋಲ್ಡೆಂಬರ್ಗ್, ಸ್ವೀಡನ್ನಿನ ಯೊಹಾನ್ಸನ್, ಅಮೆರಿಕದ ವಿಲಿಯಮ್ಸ್ ಇವರೊಡನೆ ಕೂಡಿ ಜಗತ್ತಿಗೇ ಅನ್ವಯಿಸಿದರು. ತಲೆಗೆ ಒಂದು ಕಿಲೋವ್ಯಾಟ್ ಶಕ್ತಿಯಿದ್ದರೆ ಬಡದೇಶಗಳ ಜನರೂ ಕನಿಷ್ಠ ಅಗತ್ಯಗಳನ್ನು ಮೀರಿ ಸುಖವಾಗಿ ಬಾಳಬಹುದೆಂದು 1985ರಲ್ಲಿ ಪ್ರತಿಪಾದಿಸಿದರು. 1988ರಲ್ಲಿ ನಾಲ್ವರ ಗ್ರಂಥವೂ ಹೊರಬಂದಿತು. ವಾಯುಗುಣದ ಬದಲಾವಣೆಯ ಮಾತು ಆಗಿನ್ನೂ ಪತ್ರಿಕೆಗಳ ಮುಖಪುಟಕ್ಕೆ ಬಂದಿರಲಿಲ್ಲ. ಭೂಮಿ ಕಾಯುವುದನ್ನು ತಡೆಯಬೇಕಾದರೆ ಬಡವರು ಬಡವರಾಗಿಯೇ ಇರಬೇಕೆಂಬ ವಾದಕ್ಕೆ ಆ ಗ್ರಂಥದಲ್ಲಿ ಉತ್ತರವಿದೆ. 2023ರ ಮುಂಗಾರು ಕೈಕೊಟ್ಟ ತರುವಾಯ ನಮ್ಮ ಚನ್ನಗಿರಿಯ ಕಡೆಯ ಅಡಿಕೆ ತೋಟಗಳಿಗೆ ಟ್ಯಾಂಕರಿನಲ್ಲಿ ನೀರು ಹೊಡೆದುದನ್ನು ಕಂಡವರಿಗೆ ಇದು ದೂರದ ಚರ್ಚೆಯೆನಿಸಲಾರದು.

ರೈತರ ಮಕ್ಕಳು ತಿಳಿಯಬೇಕಾದ ಇನ್ನೊಂದು ಸಂಗತಿಯುಂಟು. ರಾಜ್ಯದ ವಿದ್ಯುತ್ತನ್ನೆಲ್ಲ ಪಂಪ್‌ಸೆಟ್ಟುಗಳೇ ನುಂಗುತ್ತವೆಂಬ ದೂರು ಹಳೆಯದು. ಮೀಟರಿಲ್ಲದ ಪಂಪ್‌ಸೆಟ್ಟುಗಳ ಬಳಕೆ ಕೇವಲ ಅಂದಾಜೆಂದೂ, ತಂತಿಯಲ್ಲಿ ಸೋರಿದ ಮತ್ತು ಕದ್ದ ವಿದ್ಯುತ್ತು ಆ ಅಂದಾಜಿನೊಳಗೆ ಅಡಗಿ ಕೂರಬಲ್ಲದೆಂದೂ ಅವರು 1997ರ ಒಂದು ಅಧ್ಯಯನದಲ್ಲಿ ತೋರಿಸಿದರು. ಹಾಗೆಂದು ಅವರು ರೈತರ ವಕೀಲರಾಗಿರಲಿಲ್ಲ. ಪುಕ್ಕಟೆ ವಿದ್ಯುತ್ತಿನಿಂದ ಆಗುವ ಪೋಲನ್ನೂ ಅಷ್ಟೇ ನಿಷ್ಠುರವಾಗಿ ಎಣಿಸಿದವರು.

1991ರಲ್ಲಿ ವಿಜ್ಞಾನ ಮಂದಿರದಿಂದ ನಿವೃತ್ತರಾದ ಮೇಲೆ ಅಂತರರಾಷ್ಟ್ರೀಯ ಶಕ್ತಿ ಸಂಸ್ಥೆಯೊಂದನ್ನು ಸ್ಥಾಪಿಸಿ ಬೆಂಗಳೂರಿನಿಂದಲೇ ನಡೆಸಿದರು. 1998ರ ಪೋಖರಣ್ ಸ್ಫೋಟಗಳ ತರುವಾಯ ಅಣ್ವಸ್ತ್ರಗಳ ವಿರುದ್ಧ ಬಹಿರಂಗವಾಗಿ ಮಾತಾಡಿದರು. ಆಗ ಅದು ಜನಪ್ರಿಯವಾದ ಮಾತಾಗಿರಲಿಲ್ಲ. 2000ದಲ್ಲಿ ವೋಲ್ವೋ ಪರಿಸರ ಪ್ರಶಸ್ತಿ ಆ ಮೂವರು ಸಂಗಡಿಗರೊಡನೆ ಅವರಿಗೂ ಬಂದಿತು. 2006ರ ಮೇ 7ರಂದು, ನಾನು ಇನ್ನೂ ತೊಟ್ಟಿಲಲ್ಲಿದ್ದ ಕಾಲದಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡರು. ಅವರು ಸೌದೆ ತೂಗಿದ ಪುರ ಇರುವ ತುಮಕೂರು ಜಿಲ್ಲೆಯಲ್ಲಿಯೇ, ಪಾವಗಡದ ಬಯಲಿನಲ್ಲಿ, ಈಗ ಬಿಸಿಲಿನಿಂದ 2,050 ಮೆಗಾವ್ಯಾಟ್ ತೆಗೆಯುವ ಸೌರ ಸ್ಥಾವರವಿದೆ. ಅದರಿಂದ ಹೊರಟ ತಂತಿ ಯಾರ ಮನೆಯ ಬಚ್ಚಲ ಹಂಡೆಯವರೆಗೆ ಬಂದಿದೆಯೆಂದು ರೆಡ್ಡಿಯವರು ಇದ್ದಿದ್ದರೆ ಕೇಳುತ್ತಿದ್ದರು. ನಮ್ಮ ಮನೆಯವರೆಗೆ ಇನ್ನೂ ಬಂದಿಲ್ಲ.