ರಾಜ್ಯಕ್ಕಿಂತ ಮೊದಲೇ ಕರ್ನಾಟಕದ ಹೆಸರು ಹೊತ್ತ ಅಮೀರ್‌ಬಾಯಿ

ನವೆಂಬರ್ 1 ಬಂದ್ರೆ ಸಾಕು, ರಾಯಚೂರಿನಿಂದ ಮಾನ್ವಿ, ದೇವದುರ್ಗದವರೆಗೆ ಹಳದಿ-ಕೆಂಪು ಬಾವುಟ, ಡಿಜೆ, ವಾಟ್ಸ್‌ಆ್ಯಪ್ ಸ್ಟೇಟಸ್. ಆ ಹಾಡುಗಳ ನಡುವೆ ಅಮೀರ್‌ಬಾಯಿ ಕರ್ನಾಟಕಿ ದನಿ ಕೇಳೋದು ಅಪರೂಪ. ಕರ್ನಾಟಕ ಅನ್ನೋ ರಾಜ್ಯವೇ ಇಲ್ಲದಿದ್ದಾಗ ಆ ಹೆಸರನ್ನು ಗ್ರಾಮಫೋನ್ ತಟ್ಟೆಗಳ ಜೊತೆ ದೇಶ ಸುತ್ತಿಸಿದವರು ಅವರು.

ಹುಟ್ಟಿದ್ದು ಬೀಳಗಿಯಲ್ಲಿ. ಈಗದು ಬಾಗಲಕೋಟೆ ಜಿಲ್ಲೆ, ಆಗ ಮುಂಬೈ ಪ್ರಾಂತ್ಯದ ವಿಜಾಪುರ ಜಿಲ್ಲೆ. ಮನೆಯಲ್ಲೇ ಹಾಡು, ನಾಟಕ. ಅಕ್ಕ ಗೋಹರ್‌ಬಾಯಿಯೂ ಹೆಸರಾಂತ ಗಾಯಕಿ, ಮರಾಠಿ ರಂಗಭೂಮಿಯ ಬಾಲಗಂಧರ್ವರ ಸಂಗಾತಿ. ಎಳೆ ವಯಸ್ಸಿನಲ್ಲೇ ಮುಂಬೈ ಸೇರಿದ ಅಮೀರ್‌ಬಾಯಿ 1934ರ 'ವಿಷ್ಣುಭಕ್ತಿ' ಸಿನಿಮಾದಲ್ಲಿ ಬಣ್ಣ ಹಚ್ಚಿದರು. ಆಗ ರೆಕಾರ್ಡಿನ ಒಂದು ಬದಿಗೆ ಹಿಡಿಸುತ್ತಿದ್ದದ್ದು ಸುಮಾರು ಮೂರೇ ನಿಮಿಷ. ಹೇಳಬೇಕಾದ್ದನ್ನೆಲ್ಲ ಅಷ್ಟರಲ್ಲೇ ಹೇಳಿ ಮುಗಿಸಬೇಕು.

1943ರಲ್ಲಿ 'ಕಿಸ್ಮತ್' ಬಂತು. ಕ್ವಿಟ್ ಇಂಡಿಯಾ ಚಳವಳಿ ಶುರುವಾಗಿ ಕೆಲವೇ ತಿಂಗಳಾಗಿತ್ತು, ನಾಯಕರು ಜೈಲಿನಲ್ಲಿದ್ದರು. ಪರದೇಶದವರನ್ನು ದೂರ ಸರಿಯಿರಿ ಅನ್ನೋ ಹಾಡನ್ನು ಕವಿ ಪ್ರದೀಪ್ ಬರೆದರು, ಅನಿಲ್ ಬಿಸ್ವಾಸ್ ರಾಗ ಹಾಕಿದರು. ಹಾಡಲ್ಲಿ ಬೈಸಿಕೊಂಡದ್ದು ಜರ್ಮನ್, ಜಪಾನಿಗಳು. ಹಾಗಾಗಿ ಸೆನ್ಸಾರ್ ಬಿಟ್ಟುಕೊಟ್ಟಿತು. ಏಟು ಯಾರಿಗೆ ಅಂತ ಜನಕ್ಕೆ ಗೊತ್ತಿತ್ತು. ಖಾನ್ ಮಸ್ತಾನಾ ಜೊತೆ ಅದನ್ನು ಹಾಡಿದ್ದು ಬೀಳಗಿಯ ಈ ಮುಸ್ಲಿಂ ಹೆಣ್ಣುಮಗಳು. ಕಲ್ಕತ್ತಾದ ರಾಕ್ಸಿ ಟಾಕೀಸಿನಲ್ಲಿ ಆ ಚಿತ್ರ ಮೂರು ವರ್ಷಕ್ಕೂ ಹೆಚ್ಚು ಓಡಿತು. ಮರುವರ್ಷ ನೌಶಾದ್ ಸಂಗೀತದ 'ರತನ್'ನಲ್ಲೂ ಅವರ ಹಾಡು ಮನೆಮಾತಾಯ್ತು.

ಖಾಸಗಿ ಬದುಕು ಅಷ್ಟು ಸಲೀಸಾಗಿರಲಿಲ್ಲ. ನಟ ಹಿಮಾಲಯವಾಲಾ ಜೊತೆಗಿನ ಮದುವೆ ಮುರಿಯಿತು. ಆಮೇಲೆ ಪತ್ರಕರ್ತ ಬದ್ರಿ ಕಾಂಚವಾಲಾ ಅವರ ಕೈಹಿಡಿದರು. 1940ರ ದಶಕದ ಕೊನೆಗೆ ಲತಾ ಮಂಗೇಶ್ಕರ್ ಬಂದರು, ಜನರ ಕಿವಿಯೇ ಬದಲಾಯ್ತು. ಅಮೀರ್‌ಬಾಯಿ ಪೋಷಕ ಪಾತ್ರಗಳತ್ತ ಹೊರಳಿದರು. ವಿಜಾಪುರದ ಅಮೀರ್ ಟಾಕೀಸ್ ಇವರದೇ ಹೆಸರಿನದು.

ಈಗ ನಕಾಶೆ ನೋಡಿ. 'ಕಿಸ್ಮತ್' ಬಂದಾಗ ನಮ್ಮ ರಾಯಚೂರು ನಿಜಾಮರ ಕೈಯಲ್ಲಿತ್ತು, ವಿಜಾಪುರ ಬ್ರಿಟಿಷರ ಕೈಯಲ್ಲಿ. ಎರಡೂ ಒಂದು ರಾಜ್ಯದೊಳಗೆ ಬಂದದ್ದು 1956ರಲ್ಲಿ, ಅದೂ ಮೈಸೂರು ಅನ್ನೋ ಹೆಸರಿನಲ್ಲಿ. ಅಮೀರ್‌ಬಾಯಿ ತೀರಿಕೊಂಡದ್ದು 1965ರಲ್ಲಿ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟದ್ದು 1973ರಲ್ಲಿ, ಅವರು ಹೋಗಿ ಎಂಟು ವರ್ಷಕ್ಕೆ.

ಕನ್ನಡದವರು ಯಾರು, ದೇಶಭಕ್ತರು ಯಾರು ಅಂತ ಹೆಸರು ಕೇಳಿಯೇ ತೀರ್ಪು ಕೊಡೋರಿಗೆ ಈಗೇನು ಬರವಿಲ್ಲ. ಮುಂದಿನ ರಾಜ್ಯೋತ್ಸವದ ದಿನ ಅಂಥವರ ಮುಂದೆ 'ಕಿಸ್ಮತ್'ನ ಆ ಹಾಡು ಹಾಕಿ. ಹಾಡಿದವರ ಪೂರ್ತಿ ಹೆಸರನ್ನೂ ಹೇಳಿ.